ಹಳೇ ಪುಟ ಓದಿ ಹೋದವರು

ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಪಕ್ಕದ ಇಬ್ಬರ ಮಾತು ನೀಲಕಂಠ ಮಾಸ್ತರರ ಕಿವಿಗೆ ತಾನಾಗಿ ಬೀಳುತ್ತಿತ್ತು. ದನಕರುಗಳ ಔಷಧಿ ಬಗ್ಗೆ ರೈತರೇ ಬರೆದು ತಿದ್ದುವಂಥ ವಿಕಿ ಜಾಲತಾಣವನ್ನು ಆ ಇಬ್ಬರು ಕಟ್ಟುತ್ತಿದ್ದರು.

"ಹರಿಪ್ರಿಯಾ, ಜಂತಿನ ಔಷಧಿ ಪ್ರಮಾಣ ದುಪ್ಪಟ್ಟು ಬಿದ್ದಿತ್ತು, ತಿದ್ದೇನಿ. ಹಳೇ ಪುಟಾನೂ ಹಿಸ್ಟರಿಯೊಳಗ ಐತಿ. ಇನ್ನೇನ ಬೇಕು?"

"ಹಳೇದನ್ನ ಓದಿ ಹೋದ ನೇಸರಗಿ ಕಾಡಪ್ಪ ಕಾಕಾಗ ಯಾರ ಹೇಳ್ತಾರ, ಶ್ರೀಶೈಲ? ಇವತ್ತ ಸಂಜಿಗೆ ಕರಕ್ಕ ಕುಡಸ್ತಾರ."

"ಫೋನ್ ಹಚ್ಚು."

"ಮುಂಜಾನಿಂದ ಬಂದ್ ಅದ. ಹೊಸಾ ವರ್ಶನ್‌ದಾಗ ಫೋಟೋ, ಹುಡುಕಾಟ ಎಲ್ಲಾ ಆಮ್ಯಾಲ. ಪುಟ ತಿದ್ದಿದ ಕೂಡ್ಲೇ ಓದಿದವ್ರಿಗೆಲ್ಲಾ ಸುದ್ದಿ ಹೋಗಬೇಕು."

"ಫೋನ್ ಬಂದ್ ಇಟ್ಟವ್ರಿಗೆ?"

"ಬಾಜೂ ಮನಿಯವ್ರಿಗೆ! ಅವ್ರ ನಂಬರನೂ ಮೊದಲ ಕೇಳಿ ಇಟ್ಕೊಳ್ಳೂಣು."

"ಅದೆಲ್ಲಾ ಆಗೂತನಕಾ?"

ನೇಸರಗಿ ಬಸ್ಸು ಬಂದು ನಿಂತಿತು. ಹರಿಪ್ರಿಯಾ ಚೀಲ ಹೆಗಲಿಗೇರಿಸಿದಳು.

"ಅಲ್ಲೀತನಕಾ ನಾವ ಹೋಗಿ ಹೇಳೂದು. ಹತ್ತು."