ಬಜೆ ಗದ್ದೆಗೆ ಉಪ್ಪುನೀರು ಬಿಟ್ಟ ಬಾವ

ಇಲ್ಲ, ಅವನ ಹೆಸರು ಹೇಳುವಾಗ ನನಗೆ ಈಗಲೂ ಬಾಯಿ ಕಹಿ ಆಗ್ತದೆ, ನೀವು ನಗಬೇಡಿ ಮಕ್ಕಳೇ. ಗ್ರೆಗರಿ ಬಾವ ಅಂದ್ರೆ ನಿಮ್ಮ ಅಜ್ಜನ ಅಣ್ಣ, ಸ್ವಂತ ಅಣ್ಣ. ಅಜ್ಜ ಪಣಂಬೂರಿನಲ್ಲಿ ಬಂದರಿನ ಕೆಲಸದಲ್ಲಿದ್ರು, ಜಾಂಡೀಸ್ ಬಂದು ಹೋಗಿಬಿಟ್ರು. ನಿಮ್ಮ ಅಮ್ಮ ಆಗ ಇನ್ನೂ ಅಂಬೆಗಾಲು, ಅಲ್ಲ ಅಲ್ಲ, ಗೋಡೆ ಹಿಡ್ಕೊಂಡು ನಡೀಲಿಕ್ಕೆ ಶುರು ಮಾಡಿದ್ಲು. ಇಗರ್ಜಿಯಲ್ಲಿ ಅಜ್ಜನ ತಿಂಗಳ ಪೂಜೆ ಮುಗಿದದ್ದೇ ತಡ, ಬಾವ ಪಾಲು ಮಾಡಿದ. ತೆಂಗಿನ ತೋಟ, ಬಾವಿ, ಹಂಚಿನ ಮನೆ ಅವನಿಗೆ. ನನಗೆ ಈ ಹೊಳೆಬದಿಯ ಕೆಸರು ಗದ್ದೆ, ಮೂಲೆಯಲ್ಲಿ ಒಂದು ಶೆಡ್. ತೊಕ್ಕೊಟ್ಟಿನ ಈಚೆ ಆಗ ಇಷ್ಟು ಮನೆ ಎಲ್ಲಿತ್ತು, ಬರೀ ನೀರು. ಇಲ್ಲಿ ಎಂತ ಬೆಳೀತದೆ ಅಂತ ನಾನು ಕೇಳಿದ್ದಕ್ಕೆ ಅವನು ಮುಖ ಸಹ ಎತ್ತಲಿಲ್ಲ. "ಬೆಳೆಯದಿದ್ರೆ ತವರಿಗೆ ಹೋಗು" ಅಂದ.

ಹೋದೆ. ಹೋಗಿ ಒಂದು ಗೋಣಿ ಬಜೆ ಗಡ್ಡೆ ತಕ್ಕೊಂಡು ವಾಪಸ್ ಬಂದೆ. ನನ್ನ ಅಮ್ಮ ಬಚ್ಚಲು ನೀರು ಹೋಗುವಲ್ಲಿ ಬೆಳೆಸ್ತಿದ್ರು, ಕೆಸರು ಇದ್ದಷ್ಟು ಅದಕ್ಕೆ ಖುಷಿ. ಜಂಬು ಹುಲ್ಲು ಸಹ ಕೆಸರಲ್ಲಿ ಹಾಗೇ ಕತ್ತಿಯ ಹಾಗೆ ನಿಲ್ತದೆ, ಹೊಸಬರಿಗೆ ಎರಡೂ ಒಂದೇ. ಆದ್ರೆ ಬಜೆ ಎಲೆಯ ನಡುವೆ ಒಂದು ದಪ್ಪ ನರ ಉಂಟು, ಅಂಚು ಸ್ವಲ್ಪ ಸುಕ್ಕು, ಉಜ್ಜಿದ್ರೆ ಘಮ್ಮಂತ ವಾಸನೆ. ವಾಸನೆ ಇಲ್ಲವಾ, ಅದು ಬಜೆ ಅಲ್ಲ, ಮುಗೀತು. ಮಳೆ ಹಿಡಿಯುವ ಮೊದಲು ಗದ್ದೆ ಕಲಸಿ, ಮೊಳಕೆ ಇರುವ ಹಾಗೆ ಗಡ್ಡೆ ತುಂಡು ಮಾಡಿ, ಗೇಣು ಬಿಟ್ಟು ಗೇಣು ಊರಿದೆ. ನೀರು ಯಾವಾಗಲೂ ನಿಲ್ಲಬೇಕು, ಆದ್ರೆ ಸಿಹಿನೀರು, ತಿಳೀತಾ? ಬೇಸಿಗೆಯಲ್ಲಿ ಸಮುದ್ರದ ನೀರು ಹೊಳೆಗೆ ಏರ್ತದಲ್ಲ, ಅದು ಒಳಗೆ ಬರಬಾರದು ಅಂತ ಹೊಳೆಯ ಕಡೆಗೆ ಹಲಗೆ ಹಾಕಿ, ಕಲ್ಲು ಒತ್ತಿ ಕಟ್ಟ ಕಟ್ಟಿದ್ದೆ. ವರ್ಷ ತುಂಬುವಾಗ ಎಲೆ ಹಳದಿ ಆಗ್ತದೆ, ಆಗ ಅಗೆದು, ತೊಳೆದು, ಬೇರು ಕೆರೆದು, ನೆರಳಲ್ಲಿ ಒಣಗಿಸುವುದು. ತೊಕ್ಕೊಟ್ಟಿನಲ್ಲಿ ಮದ್ದಿನ ಸಾಮಾನಿನ ಅಂಗಡಿ ಇಟ್ಟಿದ್ದ ಇಸ್ಮಾಲಿ ಬ್ಯಾರಿ ಬಂದು ನೋಡಿ, ಎಲ್ಲ ನಾನೇ ತಕ್ಕೊಳ್ತೇನೆ ಬಾಯಮ್ಮ ಅಂದಿದ್ರು. ಆಗ ಮಗು ಹುಟ್ಟಿದ ಮನೆಯಲ್ಲೆಲ್ಲ ಬಜೆ ತೇದು ನಾಲಿಗೆಗೆ ಹಚ್ತಿದ್ರು, ಮಾತು ಬೇಗ ಬರ್ಲಿ ಅಂತ. ಹೊಟ್ಟೆ ಉಬ್ಬರಕ್ಕೆ, ಕೆಮ್ಮಿಗೆ ಸಹ ಅದೇ. ಈಗ ಡಾಕ್ಟರುಗಳು ಬೇಡ ಅಂತಾರೆ, ನೀವು ಕೊಡಬೇಡಿ. ಎಂತ ಹೇಳ್ತಿದ್ದೆ? ಹಾಂ, ಆ ವರ್ಷದ ಗುಡ್ ಫ್ರೈಡೇ.

ಎಲೆ ಹಳದಿ ತಿರುಗಿತ್ತು, ಹಬ್ಬ ಮುಗಿಸಿ ಅಗೆಯುವ ಅಂತ ಇದ್ದೆ. ನಾವೆಲ್ಲ ಶಿಲುಬೆಯ ಹಾದಿಗೆ ಇಗರ್ಜಿಗೆ ಹೋದದ್ದು, ಬಾವ ಮಾತ್ರ ತಲೆನೋವು ಅಂತ ಮನೆಯಲ್ಲಿ ಉಳಿದ. ವಾಪಸ್ ಬಂದು ನೋಡಿದ್ರೆ ಗದ್ದೆ ತುಂಬಾ ಉಪ್ಪುನೀರು. ಹಲಗೆ ಅವನ ತೆಂಗಿನ ಬುಡದಲ್ಲಿ ಒರಗಿಸಿ ಇಟ್ಟಿತ್ತು, ನೀಟಾಗಿ. ಸಮುದ್ರ ಏರಿದ ಭರತದ ನೀರಿಗೆ ಹಲಗೆ ಕಿತ್ತು ಹೋಗಿರ್ಬೇಕು ಅಂದ ಅವನು. ನೀರು ಹಲಗೆ ಕೀಳ್ತದೆ, ಆಯ್ತು, ಎತ್ತಿ ಮರಕ್ಕೆ ಒರಗಿಸಿ ಇಡ್ತದಾ ಮಾರಾಯ? ಗಡ್ಡೆ ಎಲ್ಲ ಕೊಳೆತು ಹೋಯ್ತು. ಆ ಮಳೆಗಾಲ ಪೂರ್ತಿ ನೀರು ತುಂಬಿಸುವುದು, ಹೊರಗೆ ಬಿಡುವುದು, ಪುನಃ ತುಂಬಿಸುವುದು, ಉಪ್ಪು ತೊಳೆದೆ. ಊಟಕ್ಕೆ ಮೀನು ಕಟ್ ಮಾಡುವ ಕೆಲಸಕ್ಕೆ ಹೋದೆ. ಮಗಳಿಗೆ ಗಂಜಿ ಕೊಟ್ಟು ನಾನು ತಿಳಿ ಕುಡಿದದ್ದು ಉಂಟು. ಇಗರ್ಜಿಯ ಫಾದರ್ ಬಾವನನ್ನು ಕ್ಷಮಿಸು ಅಂದ್ರು. ಮೊದಲು ಅವನು ಮಾಡಿದ್ದು ಹೇಳಲಿ ಫಾದರ್ ಅಂದೆ. ಪುನಃ ಅಮ್ಮನ ಹತ್ತಿರದಿಂದ ಗಡ್ಡೆ ತಂದು ನೆಟ್ಟೆ. ಬಂತು. ಆಮೇಲೆ ವರ್ಷ ವರ್ಷ ಬೆಳೆ ಬರ್ತಾ ಬಂತು, ಈ ಮನೆ ಅದರಿಂದಲೇ.

ಈಗ ಮೊನ್ನೆ ಮೊನ್ನೆ, ಅಂದ್ರೆ ನಿಮ್ಮ ಅಮ್ಮನ ಮದುವೆ ಎಲ್ಲ ಆದ ಮೇಲೆ, ಬಾವ ತೋಟ ಮಾರ್ಲಿಕ್ಕೆ ಹೊರಟ. ಫ್ಲ್ಯಾಟ್ ಕಟ್ಟುವವರು ಬಂದ್ರು, ನೋಡಿದ್ರು, ಲಾರಿ ಹೋಗ್ಲಿಕ್ಕೆ ದಾರಿ ಬೇಕು ಅಂದ್ರು. ಮೇಲಿನ ಓಣಿಯಲ್ಲಿ ಸ್ಕೂಟರ್ ಹೋಗುವುದೇ ಕಷ್ಟ. ಹೊಳೆಬದಿಯ ಹೊಸ ರಸ್ತೆಯಿಂದ ದಾರಿ ಆಗುವುದಿದ್ರೆ ನನ್ನ ಗದ್ದೆಯಲ್ಲಿ ಮಾತ್ರ. ಮಗ ರೋಶನನ ಕೈ ಹಿಡ್ಕೊಂಡು ಬಂದ, ಇದೇ ಜಗಲಿಯಲ್ಲಿ ಕೂತ. ವಯಸ್ಸಾಗಿತ್ತು. ನಾನು ಚಾ ಕೊಟ್ಟೆ. ದಾರಿ ವಿಷಯ ಎತ್ತಿದ. ನಾನು ಕೇಳಿದೆ, "ಬಾವ, ಆವತ್ತು ಹಲಗೆ ತೆಗೆದದ್ದು ಯಾರು?"

ರೋಶನ್ ಅಪ್ಪನ ಮುಖ ನೋಡಿದ, ಪಾಪ ಅವನಿಗೆ ಎಂತ ಗೊತ್ತು. ಬಾವ ಚಾದ ಗ್ಲಾಸ್ ಕೆಳಗಿಟ್ಟ. "ನಾನೇ" ಅಂದ. "ನೀನು ಗದ್ದೆ ಬಿಟ್ಟು ಹೋಗ್ತಿ ಅಂತ ಮಾಡಿದೆ. ತಪ್ಪಾಯ್ತು ಸಿಸಿಲಿ."

ನಾನು ಅಂದೆ, "ಸರಿ. ನಿಮ್ಮ ಮಗನ ಎದುರು ಹೇಳಿದ್ರಿ, ನನಗೆ ಅಷ್ಟೇ ಬೇಕಿತ್ತು. ದಾರಿ ಕೊಡುವುದಿಲ್ಲ."

ಕೊಡ್ಲಿಲ್ಲ. ತೋಟ ಹಾಗೇ ಉಂಟು, ತಕ್ಕೊಳ್ಳುವವರಿಲ್ಲ. ಬಾವ ಸತ್ತಾಗ ಹೋಗಿ ಮಣ್ಣು ಹಾಕಿ ಬಂದೆ, ಕಣ್ಣಲ್ಲಿ ನೀರು ಬರ್ಲಿಲ್ಲ, ಬರಲಿ ಅಂತ ನಾನು ಕಾಯಲೂ ಇಲ್ಲ. ಫಾದರ್‌ಗೆ ಬೇಜಾರಾಗಿದೆ, ಇರಲಿ. ನೀವು ಯಾರ ಊಟಕ್ಕೂ ಕೈ ಹಾಕಬೇಡಿ, ಹಾಕಿದ್ರೆ ಒಂದು ತಪ್ಪಾಯ್ತು ಹೇಳಿದ ಕೂಡಲೇ ಅವರು ಮರೀತಾರೆ ಅಂತ ಮಾತ್ರ ತಿಳ್ಕೊಳ್ಬೇಡಿ. ಏಳಿ ಈಗ, ಕೈ ತೊಳೀರಿ, ಮೀನು ಸಾರು ತಣೀತದೆ.