ಪಿಸ್ತಾನ ಡಾಕ್ಟರ ದವಡೆ

ಆ ಚಮಚ ಕೆಳಗಿಡಿ ಮೊದಲು, ಅಬ್ರೋರ್ ಅಕಾ, ಅಣ್ಣಾ. ಹೊಡೆಯೋಕೆ ಬಂದಿಲ್ಲ ಅಂತ ಆಗ್ಲಿಂದ ಹೇಳ್ತಾನೇ ಇದ್ದೀನಿ. ಇಷ್ಟುದ್ದದ ಅಲ್ಯೂಮಿನಿಯಂ ಚಮಚದಲ್ಲಿ ಈ ತೋಖ್ತಾಸಿನ್‌ನ ತಡೀತೀರಾ? ನನ್ನ ಮುಷ್ಟಿ ಕಂಡ್ರೆ ಮರ್ಗಿಲಾನಿನ ಕತ್ತೆಗಳೆಲ್ಲ ದಾರಿ ಬಿಟ್ಟು ನಿಲ್ತವೆ. ನೋಡಿ, ಎರಡೂ ಕೈ ಖಾಲಿ. ಬಲಗೈಗೆ ಪಟ್ಟಿ ಬೇರೆ. ನಿಮ್ಮ ದವಡೆ ಏನು ಸಾಮಾನ್ಯದ್ದಾ? ನನ್ನ ಎರಡು ಗೆಣ್ಣು ಒಡೆದಿದೆ. ನಿಮ್ಮ ದವಡೆ ಒಂದೇ ಒಡೆದಿರೋದು. ಲೆಕ್ಕ ಹಾಕಿದ್ರೆ ಗೆದ್ದೋರು ನೀವೇ.

ಹಾಂ... ಹಾಗೆ. ಒರಗಿಕೊಳ್ಳಿ. ದಿಂಬು ಎತ್ತಿ ಕೊಡ್ಲಾ? ಬೇಡ. ಆಯ್ತು, ಆಯ್ತು, ಮುಟ್ಟಲ್ಲ.

ಶೂರ್ವಾ ತಂದಿದ್ದೀನಿ. ಕುರಿ ಮೂಳೆ ಬೆಳಗಿನಿಂದ ಬೇಯಿಸಿ, ಮೂರು ಸಲ ರೇಷ್ಮೆ ಬಟ್ಟೇಲಿ ಸೋಸಿದ್ದು. ಕೊಳವೇಲಿ ಹೀರಬಹುದು. ಯಾಕೆ ಬಾಗಿಲ ಕಡೆ ನೋಡ್ತೀರಿ? ಮಗನ್ನ ಕಾಯ್ತಿದ್ದೀರಾ? ಜಾವ್ಲೋನ್ ಕೆಳಗೆ ಗೇಟಿನ ಹತ್ರ ಇದ್ದಾನೆ. ಭೇಟಿ ಆಯ್ತು. ಈ ಕಣ್ಣು ಊದಿರೋದು ಮತ್ತೆ ಯಾಕೆ ಅಂದ್ಕೊಂಡ್ರಿ? ಕುಸ್ತಿ ಆಡೋ ಮಗನ್ನ ಚೆನ್ನಾಗಿ ಸಾಕಿದ್ದೀರಿ, ದೃಷ್ಟಿ ತಾಗದಿರಲಿ. ಸಲಾಂ ಅಂದೆ. ಮೊದಲು ಕಣ್ಣಿಗೆ ಗುದ್ದಿದ. ಆಮೇಲೆ ಸೊಂಟದ ಪಟ್ಟಿಗೆ ಕೈ ಹಾಕಿ ಎತ್ತಿ ಒಗೆದ. ಆ ಏಪ್ರಿಕಾಟ್ ಮರ ಇದೆಯಲ್ಲ, ಅದರ ತುದಿ ದಾಟಿ ಹೋದೆ. ಇಳಿಯುವಾಗ ನಾಲ್ಕು ಹಸಿ ಕಾಯಿ ಕಿತ್ಕೊಂಡೇ ಇಳಿದೆ. ಬೇಕಾದ್ರೆ ಜೇಬು ನೋಡಿ...

ಯಾಕೆ ನಗ್ತೀರಿ? ನಗಬೇಡಿ ಅಕಾ. ಹಲ್ಲಿಗೆ ಕಟ್ಟಿರೋ ತಂತಿ ಕಿತ್ತು ಬಂದ್ರೆ ಅದೂ ನನ್ನ ತಲೆ ಮೇಲೇ ಬರುತ್ತೆ.

ಸರಿ, ನಿಜ ಹೇಳ್ತೀನಿ. ಬೆನ್ನ ಮೇಲೆ ಬಿದ್ದೆ, ಕಲ್ಲಿನ ಮೇಲೆ. ಹೊಟ್ಟೆ ಅಡಿಯಾಗಿ ಬಿದ್ದಿದ್ರೆ ಇಷ್ಟು ನೋವಾಗ್ತಿರಲಿಲ್ಲ. ಆದ್ರೆ ಎದೇಲಿ ಇದು ಇತ್ತಲ್ಲ. ನಿಲುವಂಗಿ ಒಳಗೆ. ಬೀಳೋ ಅಷ್ಟರಲ್ಲಿ ಮೈ ತಿರುಗಿಸಿದೆ.

ನೋಡಿ. ಮೆಲ್ಲಗೆ. ನಿಮ್ಮ ತೊಡೆ ಮೇಲೇ ಇಡ್ತೀನಿ.

ಪಿಸ್ತಾ. ನನ್ನ ಅಕ್ಕನ ಮಗಳು ದುರ್ದೋನಾಳ ಊಸರವಳ್ಳಿ. ನಿಮಗೆ ಪರಿಚಯ ಮಾಡಿಸ್ಬೇಕಾ? ಪಕ್ಕದ ಮಂಚದ ಅಜ್ಜನಿಗೆ ಹೇಳ್ತಿದ್ದೀನಿ, ಆಗ್ಲಿಂದ ಕತ್ತು ಉದ್ದ ಮಾಡ್ತಿದ್ದಾರೆ. ಹೌದು ಬೋಬೋ, ಇದು ಹಲ್ಲಿ ಅಲ್ಲ, ತಲೆ ಮೇಲೆ ಟೋಪಿ ಇಟ್ಕೊಂಡೇ ಹುಟ್ಟಿದ ಮರ್ಗಿಲಾನಿನ ಪ್ರಜೆ. ಹುಡುಗಿಗೆ ಹದಿನಾರು. ಜೀವಶಾಸ್ತ್ರದ ಸ್ಪರ್ಧೆಯಲ್ಲಿ ಇಡೀ ಕಣಿವೆಗೆ ಮೊದಲು ಬಂದು, ಬಹುಮಾನದ ದುಡ್ಡಲ್ಲಿ ಇದನ್ನ ತಂದ್ಲು. ಉಳಿದ ಹುಡುಗೀರು ಕಿವಿಯೋಲೆ ತಗೊಳ್ತಾರೆ.

ನೋಡಿ ಡಾಕ್ಟ್ರೇ, ಹೇಗಿದೆ ಅಂತ. ಹಸಿರು ಹೋಯ್ತು. ಕುಲುಮೆ ಬೂದಿ ಥರ ಆಗಿದೆ. ಹಗಲು ಹೊತ್ತಲ್ಲೂ ಎರಡೂ ಕಣ್ಣು ಮುಚ್ಚಿರುತ್ತೆ. ಬಾಯಿ ತೆರೆದೇ ಇರುತ್ತೆ, ತಲೆ ಮೇಲೆತ್ತಿ ಎತ್ತಿ ಉಸಿರು ಎಳೆಯುತ್ತೆ, ಮೂಗಲ್ಲಿ ಗುಳ್ಳೆ. ನಿಮ್ಮ ಬಾಯಿ ಮುಚ್ಚಿದೆ, ಇದರದ್ದು ಮುಚ್ಚೋಕಾಗ್ತಿಲ್ಲ. ದೇವರು ಹೇಗೆ ಹಂಚಿದ್ದಾನೆ ನೋಡಿ.

ಈ ಊರಲ್ಲಿ ಹಸುವಿಗೆ ಡಾಕ್ಟರು ಹನ್ನೆರಡು ಜನ ಇದ್ದಾರೆ. ಎಲ್ಲರ ಹತ್ರನೂ ಹೋದೆ. ಒಬ್ಬ ಇದಕ್ಕೆ ಹೊಟ್ಟೆಹುಳದ ಮದ್ದು ಬರೆದ. ಇನ್ನೊಬ್ಬ ಕುರ್ಚಿ ಮೇಲೆ ಹತ್ತಿ ನಿಂತ್ಕೊಂಡ. ತಾಷ್ಕೆಂಟಿನ ಮೃಗಾಲಯದಲ್ಲಿ ಒಂಬತ್ತು ವರ್ಷ ಹಾವು ಹಲ್ಲಿಗಳ ಮಧ್ಯೆ ಬದುಕಿದ ಮನುಷ್ಯ ಇಡೀ ಮರ್ಗಿಲಾನಿಗೆ ಒಬ್ಬರೇ. ಅವರ ದವಡೆಯನ್ನ ನಾನು ಮುರಿದಿದ್ದೀನಿ. ಶೂರರು ಮಾಡೋ ಕೆಲಸ ಅಂದ್ರೆ ಇದು. ಕತ್ತಲಲ್ಲಿ ಹೋಗೋನು ಲಾಂದ್ರಕ್ಕೆ ಒದ್ದಂಗೆ.

ಹೌದು ಬೋಬೋ, ನಾನೇ. ಇದೇ ಕೈ. ಯಾಕೆ ಅಂತ ಕೇಳ್ತೀರಾ? ಕೇಳಿ, ವಾರ್ಡಿಗೆಲ್ಲ ಕೇಳಲಿ. ಮೊನ್ನೆ ಗುರುವಾರ ಮಧ್ಯಾಹ್ನ ಡಾಕ್ಟರು ನಮ್ಮನೆಗೆ ಬಂದ್ರು. ನಾನೇ ಕರೆದಿದ್ದೆ, ಸುಮ್ಮನೆ ಒಂದು ಸಲ ನೋಡಿ ಹೋಗ್ಲಿ ಅಂತ. ಪಿಸ್ತಾ ಅಷ್ಟು ಹಸಿರಾಗಿತ್ತು, ಎಲೆಗೆ ನಾಚಿಕೆ ಆಗ್ಬೇಕು. ಇವರು ಗಾಜಿನ ಪೆಟ್ಟಿಗೆ ಮುಚ್ಚಳ ತೆಗೆದು, ‘ಎಂಥ ಚೆಂದದ ಪ್ರಾಣಿ’ ಅಂದ್ರು. ಅಷ್ಟೇ. ದೃಷ್ಟಿ ತಾಗದಿರಲಿ ಅನ್ನೋ ಮಾತು ಬಾಯಿಂದ ಬರಲಿಲ್ಲ. ತೊಟ್ಟಿಲ ಮಗುವನ್ನ ಹೊಗಳೋವಾಗ ನೀವು ಹಾಗೇ ಬಿಡ್ತೀರಾ ಬೋಬೋ? ಬಿಡಲ್ಲ. ಅದೇ ಗಳಿಗೇಲಿ ಪಿಸ್ತಾ ಕಪ್ಪಾಯ್ತು. ನನಗೂ ಕಣ್ಣು ಕತ್ತಲಾಯ್ತು.

ಏಟು ಹೇಗಿತ್ತು ಅಂತ ಹೇಳ್ಲೇಬೇಕು. ಒಣಗಿದ ಹಿಪ್ಪುನೇರಳೆ ಕೊಂಬೆ ಮುರಿದ ಸದ್ದು ಬಂತು. ಇವರ ಹಲ್ಲು ಗಾಳೀಲಿ ಮೂರು ಸುತ್ತು ತಿರುಗಿ, ನನ್ನ ಚಹಾದ ಪಿಯಾಲಾ ಒಳಗೇ ಬಿತ್ತು. ಟಿಣ್ ಅಂತ. ಗುರಿ ಅಂದ್ರೆ ಅದು. ಹಾಸಿನ ಮೇಲೆ ಬಿಳಿ ರೇಷ್ಮೆ ನೂಲು ಇತ್ತು, ಎರಡು ಮೊಳ ಕೆಂಪಾಯ್ತು. ಬಿದ್ದ ಮೇಲೆ ಇನ್ನೊಂದು ಕೊಟ್ಟೆ... ಅದು ಬಿಡಿ. ಎರಡನೇದು ಲೆಕ್ಕಕ್ಕಿಲ್ಲ.

ಯಾಕೆ ಹಾಗೆ ನೋಡ್ತೀರಿ ಅಕಾ? ಎರಡು ಬೆರಳು ಯಾಕೆ ಎತ್ತಿದ್ರಿ? ಗೊತ್ತು, ಎರಡು ಏಟು. ಬಿಡಿ ಅಂದ್ನಲ್ಲ.

ನಿಮಗೆ ಸಂತೋಷ ಆಗೋ ಸುದ್ದಿ ಹೇಳ್ತೀನಿ. ನಿಮ್ಮನ್ನ ಇಲ್ಲಿಗೆ ಹೊತ್ಕೊಂಡು ಬಂದು ಹಾಕಿ ಮನೆಗೆ ಹೋದ್ನಲ್ಲ, ಆ ಗಾಜಿನ ಪೆಟ್ಟಿಗೇನ ಅಂಗಳಕ್ಕೆ ತಂದು ಮಗ್ಗದ ದಿಮ್ಮೀಲಿ ಚಚ್ಚಿದೆ. ಒಂದು ಚೂರೂ ಉಳಿಯದ ಹಾಗೆ ಪುಡಿ ಮಾಡಿದೆ. ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ. ಪೆಟ್ಟಿಗೇ ತಾನೇ ಕೊಂದಿದ್ದು... ಅಂದ್ರೆ, ಕೊಲ್ಲೋಕೆ ಹೊರಟಿದ್ದು. ಗಾಜಲ್ಲಿ ಗಾಳಿ ಎಲ್ಲಿ ಬರುತ್ತೆ?

ಆಮೇಲೆ ಹೊಸ ಮನೆ ಕಟ್ಟಿದೆ. ಕೋಕಂದಿನ ಖಾನನ ಅರಮನೆಗೆ ಅಷ್ಟು ಗಾಳಿ ಬೆಳಕು ಇರಲಿಲ್ಲ, ನೋಡ್ಕೊಳ್ಳಿ. ನಮ್ಮಜ್ಜನ ಕಾಲದ ಮಗ್ಗ ಇತ್ತಲ್ಲ, ಅದರ ಚೌಕಟ್ಟು ಕುಯ್ದು ನಿಲ್ಲಿಸಿ, ನಾಲ್ಕೂ ಕಡೆ ಜಾಲರಿ ಬಿಗಿದೆ. ಆಳೆತ್ತರ. ಒಳಗೆ ಒಂದು ದಾಳಿಂಬೆ ಕುಂಡ, ಅಡ್ಡಡ್ಡ ಹಿಪ್ಪುನೇರಳೆ ಕೊಂಬೆ. ಅಜ್ಜ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾನೆ. ಹೊಡೀಲಿ. ಈ ವಾರ ಎಲ್ಲರಿಗೂ ಸರದಿ ಇದೆ.

ಏನು? ಕೈಯಿಂದ ಏನೋ ತೋರಿಸ್ತಿದ್ದೀರಿ... ಬಟ್ಟಲು? ಕುಡಿಯೋದು? ನೀರು. ಬಟ್ಟಲಲ್ಲಿ ಇಟ್ಟಿದ್ದೀನಾ ಅಂತಲಾ? ಹೂಂ, ನೀಲಿ ಬಟ್ಟಲು, ಹಬ್ಬಕ್ಕೆ ತೆಗೆಯೋದು. ತಲೆ ಅಲ್ಲಾಡಿಸ್ತೀರಿ. ಬಟ್ಟಲಲ್ಲಿ ಕುಡಿಯಲ್ವಾ? ಮತ್ತೆ? ಮೇಲಿಂದ... ತೊಟ್ಟು ತೊಟ್ಟು. ಎಲೆ ಮೇಲೆ. ಹನಿ ಬೀಳೋದು ಕಂಡ್ರೆ ಮಾತ್ರ ಕುಡಿಯುತ್ತಾ? ಮೂರು ದಿನದಿಂದ ಹಬ್ಬದ ಬಟ್ಟಲ ಮುಂದೆ ಬಾಯಾರಿ ಕೂತಿದೆಯಾ ಹಾಗಾದ್ರೆ? ತೋಖ್ತಾಸಿನ್, ನಿನ್ನ ತಲೆಗೆ ಆ ದಿಮ್ಮಿ ಬೀಳಬೇಕಿತ್ತು.

ತಾಳಿ, ಅದಕ್ಕೆ ದಾರಿ ಇದೆ. ಬಕೆಟ್ಟು ಮೇಲೆ ನೇತು ಹಾಕ್ತೀನಿ, ತಳಕ್ಕೆ ಸೂಜಿ ತೂತು. ತೂತಿಂದ ರೇಷ್ಮೆ ನೂಲು ಇಳಿಬಿಟ್ಟು ಎಲೆಗೆ ಕಟ್ಟಿದ್ರೆ? ನೂಲು ಹಿಡ್ಕೊಂಡು ಒಂದೊಂದೇ ಹನಿ ಇಳಿಯುತ್ತೆ. ಸದ್ದೂ ಇರಲ್ಲ. ಹಾಂ, ಈಗ ನಿಮ್ಮ ಹುಬ್ಬು ಮೇಲೆ ಹೋಯ್ತು. ಒಪ್ಪಿಗೆ ಆಯ್ತಾ? ನೇಕಾರನ ತಲೆ ಅಕಾ. ಮುಷ್ಟಿ ಮಾತ್ರ ಕತ್ತೇದು.

ಪೆನ್ಸಿಲ್ ಬೇಕಾ? ಇಗೋ. ದುರ್ದೋನಾಳದೇ ನೋಟು ಪುಸ್ತಕ. ಬರೀರಿ, ನಾನು ಓದ್ತಾ ಹೋಗ್ತೀನಿ... ‘ದೀಪ ಜಾಲರಿಯ ಹೊರಗೆ, ಒಂದು ಗೇಣು ಮೇಲೆ.’ ಆಯ್ತು. ‘ಬೆಳಗಿನ ಬಿಸಿಲು, ಅರ್ಧ ಗಂಟೆ, ನೆರಳೂ ಇರಲಿ.’ ಆಯ್ತು. ‘ಕೈಯಲ್ಲಿ ಹಿಡಿಯಬೇಡ.’ ಅಂದ್ರೆ ನಿಲುವಂಗಿ ಒಳಗೆ ತಂದಿದ್ದೂ ತಪ್ಪು. ಆಯ್ತು. ಇದು ಸೂಜಿಮದ್ದಿನ ಹೆಸರು... ಎಷ್ಟು ಕೊಡ್ಬೇಕು ಅಂತಾನೂ ಬರೆದಿದ್ದೀರಿ. ಅಂದ್ರೆ ಬದುಕುತ್ತೆ? ಅಕಾ, ಇಲ್ಲಿ ನೋಡಿ. ಬದುಕುತ್ತಾ? ಕೈ ಹೀಗೂ ಹಾಗೂ ತಿರುಗಿಸ್ತೀರಿ. ಅದು ಉತ್ತರ ಅಲ್ಲ. ಸರಿ, ಅದೇ ಉತ್ತರ.

ಇನ್ನೊಂದು ಸಾಲು ಬರೀಬೇಕು. ಪುಟ ತಿರುಗಿಸಿ. ಚಿಕ್ಕದು. ‘ತಪ್ಪು ನನ್ನದು, ದೃಷ್ಟಿ ಮಾತು ಹೇಳೋದು ಮರೆತೆ.’ ಕೆಳಗೆ ನಿಮ್ಮ ಹೆಸರು. ಅಷ್ಟೇ. ಪೊಲೀಸಿಗಲ್ಲ. ಪೊಲೀಸಿಗೆ ಏನು ಬೇಕಾದ್ರೂ ಹೇಳಿ, ಒಳಗೆ ಹಾಕ್ಲಿ, ಅಲ್ಲೂ ಮಗ್ಗ ಇರುತ್ತಂತೆ. ಇದು ದುರ್ದೋನಾಗೆ. ಮೂರು ದಿನ ಆಯ್ತು, ನನ್ನ ಹತ್ರ ಮಾತಿಲ್ಲ. ಚಹಾ ತಂದು ಇಡ್ತಾಳೆ, ಹೋಗ್ತಾಳೆ. ಅವಳಮ್ಮ ಹೋದ ಮೇಲೆ ಆರು ವರ್ಷದಿಂದ ನನ್ನ ಸುಳ್ಳುಗಳನ್ನೇ ತಿಂದು ಬೆಳೆದ ಹುಡುಗಿ ಅಕಾ. ನಾನು ತೋಳದ ಕಿವಿ ಕಚ್ಚಿದ್ದು, ಕುದುರೆ ಎತ್ಕೊಂಡು ನದಿ ದಾಟಿದ್ದು, ಎಲ್ಲಾ ನಂಬ್ತಿದ್ಲು. ಇಲ್ಲಾ, ನಂಬಿದ ಹಾಗೆ ಮಾಡ್ತಿದ್ಲು. ಈಗ ಈ ಸೋದರಮಾವನ್ನ ಒಂದೇ ಮಾತು ಕೇಳಿದಾಳೆ. ‘ತೋಗಾ, ಅವತ್ತು ಡಾಕ್ಟರು ಏನೋ ಹೇಳೋಕೆ ಹೊರಟಿದ್ರು. ಏನದು?’ ನಾನು ಹೇಳಿದ್ದನ್ನ ಅವಳು ನಂಬಲಿಲ್ಲ. ಇವತ್ತು ನಿಮ್ಮನ್ನೇ ಕೇಳೋಕೆ ಬಂದಿದಾಳೆ. ಕೆಳಗೆ ಜಾವ್ಲೋನ್ ಹತ್ರ ಕ್ಷಮೆ ಕೇಳ್ತಿದಾಳೆ, ನನ್ನ ಪರವಾಗಿ. ಅದಕ್ಕೇ ಮೊದಲು ಓಡಿ ಬಂದೆ.

ಬರೀರಿ. ಯಾಕೆ ನಿಂತು ಹೋಯ್ತು ಪೆನ್ಸಿಲ್?

ಆಯ್ತು, ಮೊದಲು ಊಟದ ವಿಷಯ ಮುಗಿಸೋಣ. ಮನೇಲಿ ರೇಷ್ಮೆ ಹುಳು ನಾಲ್ಕನೇ ನಿದ್ದೆ ಮುಗಿಸಿ, ಪೊರೆ ಬಿಟ್ಟು ಎದ್ದಿವೆ, ಬೆರಳಷ್ಟು ದಪ್ಪ. ಅದರಲ್ಲಿ ಒಂದೊಂದು ಕೊಡಬಹುದಾ? ಹೂಂ ಅಂತೀರಿ. ಒಳ್ಳೇದು. ನಮ್ಮ ಹುಳಕ್ಕೆ ರೋಗ ಅನ್ನೋದೇ ಗೊತ್ತಿಲ್ಲ. ಹೇಗೆ ಸಾಕ್ತೀನಿ ಅಂತ ಕೇಳಿ. ಬೆಳ್ಳುಳ್ಳಿ ತಿಂದೋನು ಆ ಕೋಣೆ ಬಾಗಿಲಿಗೆ ಬರೋ ಹಾಗಿಲ್ಲ. ಬೀಡಿ ಹಚ್ಚಿದ ಅಂತ ಸ್ವಂತ ಭಾವನ ಕೈ ತಿರುಚಿ ಆಚೆ ಹಾಕಿದ್ದೀನಿ. ಹುಳ ಮೈಯಿಂದಲೇ ಉಸಿರಾಡುತ್ತೆ, ಒಂದು ಎಳೆ ಹೊಗೆ ಸಾಕು, ಸಾಲು ಸಾಲಾಗಿ...

ಏನು ಮೂಸ್ತಿದ್ದೀರಿ?

ಅದು ಬರೀ ಬಟ್ಟೆ. ಪೆಟ್ಟಿಗೆ ತಳಕ್ಕೆ ಹಾಸಿದ್ದು. ಒದ್ದೆ ಮಾಡಿ ಇದಕ್ಕೆ ಸುತ್ತಿ ತಂದೆ. ಕೊಡಿ ಇಲ್ಲಿ. ಇಸಿರಿಕ್ ವಾಸನೆ, ಹೌದು. ಒಣಗಿದ ಸೊಪ್ಪು, ಬಾಣಲೇಲಿ ಹಾಕಿ ದೃಷ್ಟಿಗೆ ಹೊಗೆ ಹಾಕೋದು. ಯಾರ ಮನೇಲಿ ಹಾಕಲ್ಲ? ನಿಮ್ಮ ಮೊಮ್ಮಗನ ತೊಟ್ಟಿಲಿಗೂ ಹಾಕಿರ್ತೀರಿ. ನೀವು ಹೋದ ಮೇಲೆ ಹಾಕಿದೆ, ಗುರುವಾರ ಸಂಜೆ.

ಬೋಬೋ, ಆ ಕಡೆ ತಿರುಗಿ ಮಲಕ್ಕೊಳ್ಳಿ ಸ್ವಲ್ಪ.

ಸಂಜೆ ಅಂದ್ನಲ್ಲ ಅಕಾ. ಪೆಟ್ಟಿಗೆ ಒಡೆಯೋಕೆ ಮುಂಚೆ... ಇಲ್ಲ, ಒಡೆದಿದ್ದು ಮಧ್ಯಾಹ್ನವೇ. ಒಡೆದ ಮೇಲೆ... ಬಟ್ಟೆಗೆ ಮಾತ್ರ ಸ್ವಲ್ಪ...

ಏನಾದ್ರೂ ಮಾಡಿ. ಕೈ ಎತ್ತಿ. ಚಮಚ ಎಸೀರಿ. ಹೀಗೆ ಸುಮ್ಮನೆ ನೋಡಬೇಡಿ.

ಬೆಳಿಗ್ಗೆ. ಗುರುವಾರ ಬೆಳಿಗ್ಗೆ, ನೀವು ಬರೋಕೆ ಮೊದಲು. ಬುಧವಾರ ಓಣಿ ಹೆಂಗಸರೆಲ್ಲ ಬಂದು ನೋಡಿ ಹೊಗಳಿ ಹೋಗಿದ್ರು. ಅವತ್ತು ಪಿಸ್ತಾ ತಿನ್ನಲಿಲ್ಲ. ಮಾರನೇ ಬೆಳಿಗ್ಗೆ ದುರ್ದೋನಾ ಶಾಲೆಗೆ ಹೋಗೋವಾಗ, ‘ತೋಗಾ, ಇದನ್ನ ಮುಟ್ಟಬೇಡಿ, ಮಧ್ಯಾಹ್ನ ಬಂದು ಡಾಕ್ಟರನ್ನ ಕರೆಸ್ತೀನಿ’ ಅಂದ್ಲು. ಅವಳು ಬರೋ ಅಷ್ಟರಲ್ಲಿ ನಾನು ವಾಸಿ ಮಾಡಿ ತೋರಿಸ್ತೀನಿ ಅಂದ್ಕೊಂಡೆ. ಬಾಣಲೆ ತುಂಬ ಇಸಿರಿಕ್. ಬಾಣಲೇನ ಪೆಟ್ಟಿಗೆ ಒಳಗೇ ಇಟ್ಟು, ಹೊಗೆ ಆಚೆ ಹೋಗಬಾರದು ಅಂತ ಮುಚ್ಚಳ ಹಾಕಿ, ಮೇಲೆ ಕಂಬಳಿ ಮುಚ್ಚಿದೆ. ಹುಳದ ಕೋಣೇಲಿ ಬೀಡಿ ಹಚ್ಚೋಕೆ ಬಿಡದೋನು. ಒಂದು ಪಿಯಾಲಾ ಚಹಾ ಕುಡಿದು ಕಂಬಳಿ ತೆಗೆದೆ. ಕಪ್ಪಾಗಿತ್ತು. ಗಾಜಿಗೆ ಬಾಯಿ ಒತ್ತಿ ನಿಂತಿತ್ತು ಅಕಾ.

ಆಮೇಲೇ ನಿಮ್ಮ ಮನೆಗೆ ಓಡಿದ್ದು. ನೀವು ಬಂದ್ರಿ. ಅವಳೂ ಶಾಲೆಯಿಂದ ಬಂದು ಚಹಾ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು. ನೀವು ಮುಚ್ಚಳ ತೆಗೆದು ಚೆಂದ ಅಂತ ಎಲ್ಲಿ ಅಂದ್ರಿ? ಮೂಸಿದ್ರಿ. ಈಗ ಮೂಸಿದ ಹಾಗೇ. ತಲೆ ಎತ್ತಿ, ‘ಯಾರು ಇದಕ್ಕೆ...’ ಅಂದ್ರಿ. ಅಷ್ಟಕ್ಕೆ ಮೊದಲನೇದು. ಬಿದ್ದ ಮೇಲೂ ಅವಳ ಕಡೆ ನೋಡಿ ಬಾಯಿ ತೆಗೆದ್ರಿ. ಆ ಮಾತು ಮುಗಿಯೋಕೆ ಬಿಡಬಾರದು ಅನ್ನಿಸ್ತು. ಅದಕ್ಕೆ ಎರಡನೇದು. ದವಡೆ ಹೋಗಿದ್ದು ಎರಡನೇದಕ್ಕೆ. ನನಗೆ ಗೊತ್ತು. ಬಾಯಿ ಮುಚ್ಚಲಿ ಅಂತಾನೇ ಹೊಡೆದೆ, ಮುಚ್ಚಿತು.

ಮೆಟ್ಟಿಲ ಮೇಲೆ ಸದ್ದು ಕೇಳ್ತಾ? ಅವಳೇ. ಎರಡೆರಡು ಮೆಟ್ಟಿಲು ಹತ್ತಿ ಬರೋದು ಅವಳೊಬ್ಬಳೇ. ಅಕಾ, ಪೆನ್ಸಿಲ್ ತಗೊಳ್ಳಿ. ನಿಮಗೆ ಏನು ಅನ್ಸುತ್ತೋ ಅದನ್ನ ಬರೀರಿ. ಯಾಕೆ ನನ್ನ ಕೈಗೆ ಕೊಡ್ತೀರಿ? ಪುಸ್ತಕಾನೂ... ಖಾಲಿ ಪುಟ.

ನೋಡಿ, ಪಿಸ್ತಾ ಕಣ್ಣು ಬಿಟ್ಟಿತು. ಒಂದೇ. ಅದು ಬಾಗಿಲ ಕಡೆ ತಿರುಗಿತು. ಇನ್ನೊಂದು... ಇನ್ನೊಂದೂ ಬಿಡ್ತು. ಅದು ನನ್ನ ಕಡೆಗೇ.

ಬಾ ದುರ್ದೋನಾ. ಬಾ ಮಗಳೇ, ಇದೆ, ಉಸಿರಾಡ್ತಿದೆ, ಡಾಕ್ಟರು ಮದ್ದು ಬರೆದು ಕೊಟ್ಟಿದ್ದಾರೆ. ಇಲ್ಲ, ಅವರನ್ನ ಕೇಳಬೇಡ. ಅವರಿಗೆ ಮಾತಾಡೋಕೆ ಆಗಲ್ಲ. ಇಲ್ಲಿ ಕೂತ್ಕೋ. ಅವರು ಅವತ್ತು ಏನು ಹೇಳೋಕೆ ಹೊರಟಿದ್ರು ಅಂತ ನಾನು ಹೇಳ್ತೀನಿ.