ಬಿಗಿದು ಅಳೆದ ಫ್ರೇಮು

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ಮೇಸ್ತ್ರಿಯವರ ನಂಬರ್ ಅಲ್ವಾ?…

ಅಕ್ಕಾ? ನೀನಾ! ಭಾವನ ಫೋನು ನಿನ್ನ ಕೈಗೆ ಹೇಗೆ ಬಂತು?… ಹಾಂ? ಜೋರಾಗಿ ಹೇಳು, ಅಲ್ಲೇನೋ ಢಣ ಢಣ ಅಂತ ಬಡೀತಿದ್ದಾರೆ, ಒಂದಕ್ಷರ ಕೇಳಿಸ್ತಿಲ್ಲ…

ಬುತ್ತಿ ತಗೊಂಡು ಹೋಗಿದ್ದೀಯಾ? ಸೈಟಿಗೇ? ಯಾಕೆ, ಭಾವ ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?… ನಾನಾ? ಫ್ಯಾಕ್ಟರೀಲೇ ಇದ್ದೀನಿ. ಇನ್‌ಸ್ಪೆಕ್ಷನ್ ರೂಮಿನ ಹಿಂದೆ, ತುಕ್ಕು ಹಿಡಿದ ಪ್ಲೇಟು ಪೇರಿಸಿರ್ತಾರಲ್ಲ, ಅಲ್ಲಿ. ಇಲ್ಲಿ ಯಾರೂ ಇಲ್ಲ, ಧೂಳು ಅಷ್ಟೇ…

ಅಕ್ಕಾ, ಒಂದ್ನಿಮಿಷ ತಡಿ. ಆ ಬಡಿಯೋ ಸದ್ದು ಯಾರದ್ದು?…

ಭಾವಾನಾ? ತಾವೇ ಕಟ್ಟಿದ ಪಾಯಾನ ತಾವೇ ಒಡೀತಿದ್ದಾರಾ?… ಅಯ್ಯೋ ದೇವರೇ…

ಹೂಂ, ಗೊತ್ತಾಯ್ತು. ಇಲ್ಲಿ ಆಫೀಸಲ್ಲೂ ಅದೇ ಮಾತು. ನಾವು ಕಳಿಸಿದ ಉಕ್ಕಿನ ಫ್ರೇಮು ಅಲ್ಲಿ ಪಾಯದ ಮೇಲೆ ಕೂರ್ತಿಲ್ಲ, ಒಂದು ಮೂಲೇಲಿ ಸಂದಿ ಬಿಟ್ಕೊಂಡಿದೆ, ಮೇಸ್ತ್ರಿ ಪಾಯ ತಗ್ಗು ಮಾಡಿದ್ದಾನೆ ಅಂತ. ಅದಕ್ಕೇ ಫೋನ್ ಮಾಡ್ದೆ… ಎಲ್ಲರ ಮುಂದೇನಾ ಬೈದ್ರು ಸೈಟಿನ ಸಾಹೇಬ್ರು? ಕೂಲಿಯವರ ಮುಂದೇನೂ?…

ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ ಅಂದ್ರಾ… ಅದಕ್ಕೆ ಭಾವ ಏನ್ಮಾಡಿದ್ರು?… ನೇರ ಸುತ್ತಿಗೆ ಎತ್ಕೊಂಡ್ರಾ…

ಆ ಮೂಲೆ ಒಂದೇ ಒಡೀತಿದ್ದಾರಾ? ಪಕ್ಕದ ಅಂಚಿಗೆ ಏಟು ಬೀಳ್ಬಾರ್ದು ಅಂತ ಗೋಣಿಚೀಲ ಹಾಸ್ಕೊಂಡು… ನಗ್ತಾ ಇಲ್ಲ ಅಕ್ಕ. ಒಡೆಯೋದ್ರಲ್ಲೂ ಅಚ್ಚುಕಟ್ಟು ಬೇಕು ನಿನ್ನ ಗಂಡಂಗೆ. ನಾನ್ಯಾಕೆ ನಗ್ಲಿ…

ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದ್ರಾ? ಎರಡು ಸಲ? ಸರಿಯಾಗೇ ಇತ್ತಾ?… ಸರಿಯಾಗೇ ಇರುತ್ತೆ. ಮತ್ತೆ ಯಾಕೆ ಒಡೀಬೇಕು ಅವರು? ಸಾಹೇಬ್ರ ಹತ್ರ ಜಗಳ ಆಡೋದಲ್ವಾ?…

ಏನು? ಇನ್ನೊಂದ್ಸಲ ಹೇಳು…

'ಫ್ರೇಮಿನ ರಿಪೋರ್ಟಿಗೆ ನನ್ನ ಬಾಮೈದ ಸಹಿ ಹಾಕಿದ್ದಾನೆ, ಅವನ ಅಳತೆ ತಪ್ಪಾಗಲ್ಲ, ನನ್ನದೇ ಎಲ್ಲೋ ತಪ್ಪಿರ್ಬೇಕು'… ಭಾವ ಹಾಗಂದ್ರಾ… ಹಾಗೇ ಅಂದ್ರಾ?…



ಬೇಡ ಅಕ್ಕ, ಹೊಗಳ್ಬೇಡ. ಭಾವಂಗೆ ಈ ಕೆಲಸ ಕೊಡಿಸ್ದೆ, ನೀನಿಲ್ದಿದ್ರೆ ನಮ್ಮ ಗತಿ ಏನು, ಅದೆಲ್ಲ ಬೇಡ, ಕೈ ಮುಗೀತೀನಿ… ಸಾಹೇಬ್ರಿಗೆ ಒಂದು ಮಾತು ಹೇಳ್ಬೇಕಾ? ನಾನಾ? ಏನಂತ ಹೇಳ್ಲಿ? ಮೇಸ್ತ್ರಿ ಒಳ್ಳೇವ್ರು, ಒಂದ್ಸಲ ಕ್ಷಮಿಸಿ ಅಂತಾನಾ? ಯಾವ ತಪ್ಪಿಗೆ ಕ್ಷಮಿಸ್ಬೇಕು ಅವರನ್ನ?…

ಕೂಗ್ತಾ ಇಲ್ಲ. ತಪ್ಪಾಯ್ತು. ನೀನು ಸ್ವಲ್ಪ ಆ ಕಡೆ ಬಾ, ಭಾವನಿಂದ ದೂರ… ಬಂದ್ಯಾ? ಕೂತ್ಕೋ ಎಲ್ಲಾದ್ರೂ…

ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ಗೊತ್ತಲ್ವಾ? ಇಲ್ಲಿ ಕುಣಿಯೋಕೆ ಬಾರದ್ದು ನಮ್ಮ ಫ್ರೇಮು ಅಕ್ಕ. ಭಾವನ ನೆಲ ನೆಟ್ಟಗೇ ಇದೆ…

ಹೇಳ್ತೀನಿ, ತಡಿ. ಆರು ಮೀಟರ್ ಉದ್ದ ಆ ಫ್ರೇಮು. ಎಲ್ಲಾ ದಪ್ಪ ಪ್ಲೇಟು ಸೇರ್ಸಿ ವೆಲ್ಡಿಂಗ್ ಮಾಡಿದ್ದು. ಬೆಂಕಿ ಕಂಡ ಉಕ್ಕು ಸುಮ್ನಿರಲ್ಲ, ಒಳಗೊಳಗೇ ಎಳೀತಿರುತ್ತೆ. ಮೆಷಿನ್ ಮೇಲೆ ಕ್ಲಾಂಪು ಹಾಕಿ, ಅದುಮಿ ಹಿಡ್ಕೊಂಡು ಅದರ ಪಾದ ಕೆತ್ತಿರ್ತಾರೆ. ಅದುಮಿರೋ ತನಕ ಒಳ್ಳೇ ಮಗು. ಬಿಟ್ಟ ತಕ್ಷಣ ತನ್ನ ಬುದ್ಧಿ ತೋರ್ಸುತ್ತೆ. ಅದಕ್ಕೇ ಡ್ರಾಯಿಂಗಲ್ಲಿ ಸ್ಪಷ್ಟವಾಗಿ ಬರ್ದಿರ್ತಾರೆ, ಮೂರೇ ಮೂರು ಆಧಾರದ ಮೇಲೆ ಇಡಿ, ಎಲ್ಲೂ ಬಿಗೀಬೇಡಿ, ಆಮೇಲೆ ಅಳೀರಿ ಅಂತ. ಈ ತುದಿಯಿಂದ ಆ ತುದಿಗೆ ಎರಡು ಕೂದಲಿನಷ್ಟು ಏರಿಳಿತ ಇರ್ಬಹುದು, ಅದಕ್ಕಿಂತ ಜಾಸ್ತಿ ಇರ್ಬಾರ್ದು…

ಅರ್ಥ ಆಗ್ಲಿಲ್ವಾ? ಕುಂಟೋ ಮಂಚದ ಮೇಲೆ ನಾಲ್ಕು ಜನ ಕೂತ್ರೆ ಅಲ್ಲಾಡುತ್ತಾ? ಇಲ್ಲ. ಎದ್ದು ಹೋದ್ಮೇಲೆ ನೋಡು. ಹಾಗೆ…

ಅಳ್ದೆ. ಕ್ಲಾಂಪು ಬಿಚ್ಚಿಯೇ ಅಳ್ದೆ ಮೊದಲು. ಒಂದು ಮೂಲೆ ಉಗುರಿನ ದಪ್ಪದಷ್ಟು ಎದ್ದಿತ್ತು. ಗೇಟಲ್ಲಿ ಲಾರಿ ನಿಂತಿತ್ತು, ಮ್ಯಾನೇಜರ್ರು ಹತ್ತು ಸಲ ಬಂದು ಇಣುಕ್ತಿದ್ರು. ನಾನು… ನಾನು ಮತ್ತೆ ಕ್ಲಾಂಪು ಬಿಗ್ದೆ ಅಕ್ಕ. ಬಿಗಿದು ಅಳ್ದೆ. ಚೆನ್ನಾಗಿ ಬಂತು. ಅದನ್ನೇ ಬರೆದು ಸಹಿ ಹಾಕ್ದೆ…

ಯಾಕೆ ಅಂದ್ರೆ ಏನ್ ಹೇಳ್ಲಿ? ಅಲ್ಲಿ ಪಾಯಕ್ಕೆ ಬೋಲ್ಟು ಬಿಗಿದ್ರೆ ತಾನಾಗೇ ಕೂರುತ್ತೆ ಅಂದ್ಕೊಂಡೆ. ಎಲ್ಲರೂ ಹಾಗೇ ಅಂದ್ಕೋತಾರೆ. ಆ ಪಾಯ ಭಾವಂದು ಅನ್ನೋದು ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ…

ಬೈಯಿ ಅಕ್ಕ. ನಾಲ್ಕು ಬಿಗಿಯಾಗಿ ಬೈದ್ಬಿಡು…

ಯಾರಿಗೆ ಗೊತ್ತು ಅಂದ್ರೆ? ಯಾರಿಗೂ ಇಲ್ಲ. ನಂಗೆ, ಈಗ ನಿಂಗೆ…

ಏನಂದೆ?…

ಸುಮ್ನಿರ್ಬೇಕಾ? ಅಕ್ಕಾ, ನೀನಾ ಈ ಮಾತು ಹೇಳ್ತಿರೋದು?… ಹೌದು, ನನ್ನ ಹೆಂಡ್ತಿಗೆ ದಿನ ತುಂಬಿದೆ. ಹೌದು, ಈಗ ಕೆಲಸ ಹೋದ್ರೆ ಬೀದಿಗೆ ಬೀಳ್ತೀನಿ, ನಂಗೆ ಗೊತ್ತಿಲ್ವಾ? ಆದ್ರೆ ಅವರು ನಿನ್ನ ಗಂಡ ಕಣೇ…

'ಅವರು ಮತ್ತೆ ಕಟ್ಕೋತಾರೆ, ಕಾಂಕ್ರೀಟು ತಾನೇ.' ಕಾಂಕ್ರೀಟು ಕಟ್ಕೋಬಹುದು. ಎಷ್ಟು ಸಲ ಕಟ್ಟಿದ್ರೂ ಆ ಫ್ರೇಮು ಕೂರಲ್ಲ. ಆಮೇಲೆ ಕೆಳಗೆ ತಗಡಿನ ಚೂರು ತುರುಕಿ ಹೇಗೋ ನಿಲ್ಲಿಸ್ತಾರೆ, ಕೆಲಸ ನಡ್ದು ಹೋಗುತ್ತೆ. ಭಾವನ ಹೆಸರಿಗೆ ಯಾವ ತಗಡು ತುರುಕ್ತೀಯ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಿದ್ದಾರೆ, ನೀನು ಪಕ್ಕದಲ್ಲೇ ನಿಂತು ನೋಡ್ತೀಯಾ?…

ಹಾಗನ್ಬೇಡ…

ಹಾಗನ್ಬೇಡ ಅಕ್ಕ… ಹೌದು. ಧೈರ್ಯ ಇದ್ದಿದ್ರೆ ನೇರ ಸಾಹೇಬ್ರಿಗೇ ಮಾಡ್ತಿದ್ದೆ. ಅವರ ನಂಬರ್ ಇದೆ ನನ್ನ ಹತ್ರ. ನಿಜ. ಇಲ್ಲಿಗೆ ಯಾಕೆ ಮಾಡ್ದೆ? ಯಾರಾದ್ರೂ ಬೇಡ ಕಣೋ, ಸುಮ್ನಿರು ಅಂತಾರೇನೋ ಅಂತಾನೇ ಮಾಡ್ದೆ. ಭಾವನ ಬಾಯಿಂದಾನೇ ಆ ಮಾತು ಬರ್ಲಿ ಅಂತ ಇತ್ತು ಮನಸ್ಸಲ್ಲಿ. ಥೂ, ನನ್ನ ಜನ್ಮಕ್ಕಿಷ್ಟು…

ನೀನು ಅಂದ್ಬಿಟ್ಟೆ. ಕೇಳಿದ್ದು ಸಿಕ್ತು. ಆದ್ರೆ ಸಮಾಧಾನ ಆಗ್ತಿಲ್ಲ, ಏನ್ಮಾಡ್ಲಿ? ಅಷ್ಟು ದೊಡ್ಡ ನಂಬಿಕೆ ಇಟ್ಕೊಂಡು ಒಡೀತಿದ್ದಾರಲ್ಲ ಆ ಮನುಷ್ಯ… ನಾಚಿಕೆ ಆಗ್ತಿದೆ ಅಕ್ಕ, ಸಾಯೋಷ್ಟು ನಾಚಿಕೆ…

ಅಳ್ಬೇಡ್ವೇ. ನೀನು ಅತ್ರೆ ನಾನು ಮತ್ತೆ ಹೇಡಿ ಆಗ್ತೀನಿ. ಭಾವನಿಗೆ ಫೋನ್ ಕೊಡು…

ನನ್ನ ಮೇಲೆ ಆಣೆ ಗೀಣೆ ಹಾಕ್ಬೇಡ. ಕೊಡು ಅಂದ್ನಲ್ಲ. ಮೊದಲು ಅವರು ಕೇಳ್ಲಿ, ಆಮೇಲೆ ಅವರೇ ಸಾಹೇಬ್ರ ಕೈಗೆ ಕೊಡ್ಲಿ, ಬೈದಾಗ ಯಾರ್ಯಾರು ಅಲ್ಲಿದ್ರೋ ಅವರೆಲ್ಲರ ಮುಂದೆ ನಾನೇ ಹೇಳ್ತೀನಿ…

ಸದ್ದು ನಿಂತ್ಹೋಯ್ತಲ್ಲ. ಭಾವ ಬಂದ್ರಾ? ಬಂದ್ರು ಅಲ್ವಾ, ಕೆಮ್ಮೋದು ಕೇಳಿಸ್ತಿದೆ… 'ಯಾರೇ ಅದು' ಅಂತಿದ್ದಾರೆ, ಕೊಡು ಅಕ್ಕ, ಬೇಗ ಕೊಡು…

ಭಾವಾ! ಭಾವಾ, ನಾನು! ಒಡೀಬೇಡಿ, ನಿಮ್ಮ ಪಾಯ ಸರಿ ಇದೆ, ಕೇಳಿಸ್ತಿದ್ಯಾ?…

ಏನು? ರಾಂಗ್ ನಂಬರ್ ಅಂತಿದ್ದೀಯಾ ಅವರಿಗೆ? ಅಕ್ಕಾ, ನನ್ನೇ… ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಕಟ್ ಮಾಡ್ಬೇ…